ಗುರುವಾರ ಆರೂವರೆ

ಮೊದಲ ವಾರ ಹನ್ನೊಂದು ಜನ. ಮೂರನೆಯ ವಾರಕ್ಕೆ ಏಳು.
ಈಗ ನಾಲ್ಕು, ಒಲೆಯನ್ನೂ ಸೇರಿಸಿದರೆ ಐದು.
ಕಾಸ್ತ್ರೋ ಊರಿನ ವಾಚನಾಲಯದ ಹಿಂಬದಿ ಕೋಣೆ,
ಕಡಲ ಮೇಲೆ ಮರಗಾಲಲ್ಲಿ ನಿಂತದ್ದು.
ಭರತ ಬಂದಾಗ ನೆಲಹಲಗೆಯ ಕೆಳಗೆ ಯಾರೋ
ಬಾಯಿ ಮುಕ್ಕಳಿಸಿದ ಸದ್ದು.

ನಾನು ಕೂಟ ನಡೆಸುವವಳು. ಅಂದರೆ,
ಇಪ್ಪತ್ತು ಪುಟ ಜೆರಾಕ್ಸ್ ಮಾಡಿಸುವವಳು,
ಬಿಸ್ಕತ್ತು ತರುವವಳು, ಕೀಲಿಗಾಗಿ ಎದುವಿನಾಳನ್ನು ಕಾಡುವವಳು,
ಯಾರೂ ಓದಿ ಬಂದಿಲ್ಲವೆಂದು ಗೊತ್ತಿದ್ದೂ
'ಸರಿ, ಎಲ್ಲಿಂದ ಶುರುಮಾಡೋಣ?' ಎಂದು ಕೇಳುವವಳು.

ಈ ವಾರದ ಅಧ್ಯಾಯ: ಜಾಗ ಬೇರೆ, ತಾವು ಬೇರೆ.
ಜಾಗವನ್ನು ಅಳೆಯಬಹುದು, ತಾವಿನಲ್ಲಿ ಬಾಳಬೇಕು
ಎನ್ನುತ್ತದೆ ಪುಟ ನೂರಾ ನಾಲ್ಕು,
ನನ್ನ ಹಳೆಯ ಹಸಿರು ಗೆರೆಯ ಮೇಲೆ.
ಹೆರ್ನಾಲ್ಡೊ ಆಕಳಿಸಿದ. ಅವನದು ಸಾಲ್ಮನ್ ಕಾರ್ಖಾನೆಯ ರಾತ್ರಿಪಾಳಿ;
ತೋಳಿನಲ್ಲಿ ಇನ್ನೂ ಮೀನು, ಚೀಲದಲ್ಲಿ ಮುಗಿಯದ ಪ್ರಬಂಧ.
ಯಾಸ್ನಾ ನಕಾಶೆ ಬಿಡಿಸಿದಳು,
ಅವಳಿಗೆ ಎಲ್ಲ ಮಾತಿಗೂ ನಕಾಶೆ ಬೇಕು.
'ಇದರಲ್ಲಿ ತಾವು ಎಲ್ಲಿ, ತೋರಿಸಿ.'
ನಾನು ತೋರಿಸಲಿಲ್ಲ. ಒಲೆಗೆ ಇನ್ನೊಂದು ಕೊರಡು ಹಾಕಿದೆ.

ದೋನ್ ರೋಸೆಂದೊ ನಮ್ಮ ಪಟ್ಟಿಯಲ್ಲಿಲ್ಲ.
ದೋಣಿ ಕಟ್ಟುತ್ತಿದ್ದವನು, ಈಗ ಮೊಣಕಾಲಿಗೆ ಉಣ್ಣೆ ಕಟ್ಟಿಕೊಂಡು
ಒಲೆಗಾಗಿ ಬರುತ್ತಾನೆ. ಪತ್ರಿಕೆಯ ಮರಣವಾರ್ತೆ ಓದಿ,
ಕನ್ನಡಕ ಮಡಿಸಿ, ನಿದ್ದೆ.
ಹಾಜರಿ ಕಮ್ಮಿಯಾದ ವಾರ ಅವನನ್ನೂ ಎಣಿಸಿ
ವಿಭಾಗಕ್ಕೆ ಬರೆದಿದ್ದೇನೆ. ದೇವರು ಕ್ಷಮಿಸಲಿ.

'ತಾವು ತಾವು ಅಂತ ಆಗಿನಿಂದ ಯಾರನ್ನು ಕರೆಯುತ್ತಿದ್ದೀರಿ,
ನನ್ನನ್ನಾ?' ಅಂದ, ಕಣ್ಣು ತೆರೆಯದೆ.
ನಮ್ಮ ಮನೆ ಆ ದಡದಲ್ಲಿತ್ತು. ಅಪ್ಪ ಸತ್ತ ಮೇಲೆ
ಅಮ್ಮನಿಗೆ ಅಲ್ಲಿ ಬೇಡವಾಯಿತು. ನೆರೆಯವರನ್ನು ಕರೆದೆವು.
ಕಿಟಕಿ ಕಳಚಿ, ಗೋಡೆಗೆ ಅಡ್ಡಪಟ್ಟಿ ಹೊಡೆದು,
ಹನ್ನೆರಡು ಜೋಡಿ ಎತ್ತು ಕಟ್ಟಿ ನೀರಿಗೆಳೆದೆವು.
ದೋಣಿಗಳು ಮುಂದೆ, ಮನೆ ಹಿಂದೆ
ಸೊಂಟಮಟ್ಟ ಕಡಲಲ್ಲಿ, ಮೊಂಡು ಹಸುವಿನ ಹಾಗೆ.
ಒಳಗೆ ಬೆಕ್ಕು ಉಳಿದುಹೋಗಿತ್ತು,
ಅಟ್ಟದ ಕಿಂಡಿಯಿಂದ ದಾರಿಯುದ್ದಕ್ಕೂ ಬೈಯುತ್ತಿತ್ತು.

ಯಾಸ್ನಾ ಬೆರಳಿಟ್ಟಳು: ಇಲ್ಲಿಂದ? ಇಲ್ಲಿಗಾ?
ಹೂಂ. ಒಂದು ಭರತದಷ್ಟು ದೂರ.

ಈ ದಡದ ಇಳಿಜಾರು ಬೇರೆ. ಮನೆ ತಿರುಗಿ ಕೂತಿತು.
ಬೆಳಗಿನ ಬಿಸಿಲು ಕಾಯುತ್ತಿದ್ದ ಬಾಗಿಲಿಗೆ ಈಗ
ಮುಳುಗುವ ಸೂರ್ಯ.
ಅಮ್ಮ ಮಾತ್ರ ಅದನ್ನು ಮೂಡಣ ಬಾಗಿಲೆಂದೇ ಕರೆದಳು,
ಇಪ್ಪತ್ತಾರು ವರ್ಷ.
ಸಂಜೆ ಹೊಸ್ತಿಲಲ್ಲಿ ಆಲೂಗಡ್ಡೆ ಸುಲಿಯುತ್ತ
'ಮೂಡಣ ಕೆಂಪಾಯಿತು, ದೀಪ ಹಚ್ಚಿ' ಅನ್ನುತ್ತಿದ್ದಳು.
ನನ್ನ ಮಕ್ಕಳು ದಿಕ್ಕು ಕಲಿತದ್ದು ಅವಳಿಂದ.
ಶಾಲೆಯಲ್ಲಿ ಪೆಟ್ಟು ತಿಂದವು.

ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕೆವು.
ಹೆರ್ನಾಲ್ಡೊ, ಪೂರಾ ಎಚ್ಚರವಾಗಿ, ಕೇಳಿದ:
ನಿಮಗೆ ಈಗ ಮೂಡಣ ಯಾವ ಕಡೆ?
ಮುದುಕ ಕೈ ಎತ್ತಿದ,
ಅರ್ಧಕ್ಕೆ ನಿಲ್ಲಿಸಿದ,
ಒಲೆಗೆ ಒಡ್ಡಿ ಕಾಯಿಸಿಕೊಂಡ.

ನಡಾವಳಿ ಬರೆದೆ: ಹಾಜರಿ ನಾಲ್ಕು. ಅಧ್ಯಾಯ ಮುಗಿಯಲಿಲ್ಲ.
ನಾಲ್ಕನ್ನು ತಿದ್ದಿ ಐದು ಮಾಡಿದೆ, ಈ ಸಲ ಹೆಸರೂ ಬರೆದೆ:
ರೋಸೆಂದೊ ಬಾರ್ರಿಯಾ.
ಎಂಟು ಜನರಿಲ್ಲದಿದ್ದರೆ ಕೋಣೆ ಬಿಟ್ಟುಕೊಡಿ
ಎನ್ನುವ ಪತ್ರ ನನ್ನ ಕೋಟಿನ ಜೇಬಿನಲ್ಲಿತ್ತು.
ಇವತ್ತು ಹೇಳಿಬಿಡಬೇಕೆಂದೇ ಬಂದಿದ್ದೆ.

ಅವನು ಉಳಿದ ಬಿಸ್ಕತ್ತುಗಳನ್ನು
ಪುಟ ನೂರಾ ನಾಲ್ಕರಲ್ಲಿ ಸುತ್ತಿಕೊಂಡ.
ಎದುವಿನಾ ಕೀಲಿಗೊಂಚಲು ಕುಲುಕಿದಳು.
ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ನಿಂತ,
ಎಡಕ್ಕೆ ನೋಡಿದ, ನೀರಿನಾಚೆಗೆ ನೋಡಿದ,
ಕೋಲೂರಿ ಹೊರಟ.
ಕಾಗದಕ್ಕೆ ಆಗಲೇ ಎಣ್ಣೆ ಇಳಿದಿತ್ತು,
ನನ್ನ ಹಸಿರು ಗೆರೆ ಈ ಬದಿಗೂ ಕಾಣುತ್ತಿತ್ತು.